ಬೇಯಿಸಿದರೆ ಹೋಗುವ ವಿಷ ಇದಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ನಮ್ಮ ತುಮಕೂರಿನ ಬಟವಾಡಿ ಕಡೆ ಭಾನುವಾರ ಸಮುದ್ರದ ಚಿಪ್ಪು ತಿಂದವರ ಪಾಡಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ತಿಂದವರಲ್ಲಿ ನಾನೂ ಒಬ್ಬ. ಸುದ್ದಿಯ ಕೊನೆಗೆ ಅಧಿಕಾರಿಯೊಬ್ಬರು ‘ತಾಜಾ ನೋಡಿ ಕೊಳ್ಳಿ, ಚೆನ್ನಾಗಿ ಬೇಯಿಸಿ ತಿನ್ನಿ’ ಎಂದು ಅಪ್ಪಣೆ ಕೊಡಿಸಿದ್ದಾರೆ. ಆ ಒಂದು ಸಾಲು ಓದಿ ಮೈ ಉರಿದುಹೋಯಿತು.

ನಮ್ಮ ಸೊಸೆ ಉಳ್ಳಾಲದವಳು. ಈ ಚಿಪ್ಪಿಗೆ ಅವರ ಕಡೆ ಮರುವಾಯಿ ಅನ್ನುತ್ತಾರೆ, ಅದೆಂದರೆ ಅವಳಿಗೆ ಪ್ರಾಣ. ರಸ್ತೆ ಬದಿಯ ಗಾಡಿಯಲ್ಲಿ ಐಸ್ ಮೇಲೆ ಇಟ್ಟಿದ್ದು ಕಂಡು ನಾನೇ ಎರಡು ಕೆಜಿ ತಂದೆ. ಅವಳು ನಾಲ್ಕು ನೀರಲ್ಲಿ ತೊಳೆದು, ಬೆಂದ ಮೇಲೂ ಬಾಯಿ ಬಿಡದ ಚಿಪ್ಪುಗಳನ್ನು ಎತ್ತಿ ಬಿಸಾಡಿ, ಕಾಯಿತುರಿ ಹಾಕಿ ಸುಕ್ಕ ಮಾಡಿದಳು. ಇದಕ್ಕಿಂತ ಚೆನ್ನಾಗಿ ಬೇಯಿಸುವುದು ಹೇಗೆ ಅಂತ ಆ ಅಧಿಕಾರಿಯೇ ಒಂದು ದಿನ ಬಂದು ತೋರಿಸಲಿ.

ಊಟವಾಗಿ ಅರ್ಧ ಗಂಟೆ ಆಗಿರಬೇಕು. ತುಟಿ ಜುಮುಜುಮು ಅನ್ನತೊಡಗಿತು. ಆಮೇಲೆ ನಾಲಿಗೆ, ಬೆರಳ ತುದಿ. ಹಲ್ಲು ಕೀಳುವಾಗ ಸೂಜಿ ಕೊಟ್ಟ ಹಾಗೆ. ಕುಡಿದ ಕಾಫಿ ಪಂಚೆ ಮೇಲೆ ಸೋರುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದರೆ ರಸ್ತೆ ಅಗೆದು ಮಲಗಿಸಿದ್ದಾರೆ. ಆಟೋದವನು ಊರೆಲ್ಲ ಸುತ್ತಿಸಿದ. ಅಲ್ಲಿ ಮೊದಲು ಗ್ಯಾಸ್ಟ್ರಿಕ್ ಅಂದರು, ಆಮೇಲೆ ಅಲರ್ಜಿ ಅಂದರು. ಏನು ತಿಂದಿರಿ ಅಂತ ಕೇಳಿದ್ದು ನರ್ಸಮ್ಮ ಒಬ್ಬರೇ. ರಾತ್ರಿಯೆಲ್ಲ ಡ್ರಿಪ್ ಹಾಕಿ ಮಲಗಿಸಿ, ಬೆಳಿಗ್ಗೆ ಬಿಲ್ ಕೈಗಿಟ್ಟರು. ಅದನ್ನು ಹಿಡಿಯುವಷ್ಟು ಬೆರಳಿಗೆ ಸ್ಪರ್ಶ ಬಂದಿತ್ತು, ಪುಣ್ಯ!

ವಿಷಯ ಏನೆಂದರೆ, ಸಮುದ್ರದಲ್ಲಿ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದರಲ್ಲಿ ಕೆಲವು ಜಾತಿ ವಿಷದವು. ಚಿಪ್ಪಿನ ಪ್ರಾಣಿ ನೀರು ಸೋಸಿ ಸೋಸಿ ಆ ಪಾಚಿ ತಿನ್ನುತ್ತದೆ, ವಿಷ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ವಾಸನೆ ಇಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಈಗತಾನೇ ಸಮುದ್ರದಿಂದ ತೆಗೆದದ್ದರಲ್ಲೂ ಇರಬಹುದು. ಐಸಿಗೆ ಹೋಗುವುದಿಲ್ಲ, ಒಲೆಗೂ ಹೋಗುವುದಿಲ್ಲ. ಜಾಸ್ತಿ ಸೇರಿದರೆ ಉಸಿರೇ ನಿಲ್ಲುತ್ತದೆ, ಇದಕ್ಕೆ ಮದ್ದಿಲ್ಲ, ವೆಂಟಿಲೇಟರೇ ಗತಿ. 1983ರಲ್ಲಿ ಮಂಗಳೂರಿನ ಹತ್ತಿರವೇ ಚಿಪ್ಪು ತಿಂದು ಒಬ್ಬ ಹುಡುಗ ಸತ್ತಿದ್ದಾನೆ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಜನ ಹೋದರು, ಆಸ್ಪತ್ರೆ ಸೇರಿದವರು 500ಕ್ಕೂ ಜಾಸ್ತಿ. ನಮ್ಮ ಕಾನೂನಿನಲ್ಲೇ ಮಿತಿ ಇದೆ: 100 ಗ್ರಾಂ ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ಈ ವಿಷ 80 ಮೈಕ್ರೋಗ್ರಾಂ ಮೀರಬಾರದು. ಅಂದರೆ ಪುಡಿ ಉಪ್ಪಿನ ಒಂದೆರಡು ಕಣದಷ್ಟು. ಅದನ್ನು ನಾನು ಗಾಡಿ ಮುಂದೆ ನಿಂತು ಮೂಸಿ ಕಂಡುಹಿಡಿಯಬೇಕಂತೆ, ‘ತಾಜಾ ನೋಡಿ’!

ನನಗಾದದ್ದು ಇದೇ ವಿಷವೋ, ಬರೀ ಅಲರ್ಜಿಯೋ? ಪರೀಕ್ಷೆ ಮಾಡಿದರೆ ತಾನೇ ಗೊತ್ತಾಗುವುದು. ಉಳಿದ ಸುಕ್ಕವನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿ ಫ್ರೀಜರಿನಲ್ಲಿ ಇಟ್ಟೆ. ಸೋಮವಾರ ಒಂದು ಕಚೇರಿಗೆ ಫೋನ್ ಮಾಡಿದರೆ, ‘ಮೀನಲ್ವಾ, ಅದು ನಮಗೆ ಬರಲ್ಲ’ ಅಂದರು. ಮೀನಿನ ಕಚೇರಿಯಲ್ಲಿ, ‘ಅಡುಗೆ ಆದಮೇಲೆ ಅದು ಆಹಾರ ಸಾರ್, ನಮಗೆ ಬರಲ್ಲ’ ಅಂದರು. ಮೂರನೆಯವರು ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಇವತ್ತು ಗುರುವಾರ. ಮೀಟಿಂಗ್ ಮುಗಿದಂತಿಲ್ಲ.

ಇದೇನು ಹೊಸದಲ್ಲ ಬಿಡಿ. ಎರಡು ವರ್ಷದ ಹಿಂದೆ ನಮ್ಮ ಬೀದಿ ನಲ್ಲಿಯಲ್ಲಿ ಚರಂಡಿ ವಾಸನೆಯ ನೀರು ಬಂತು. ಬಾಟಲಿಯಲ್ಲಿ ತುಂಬಿ ಒಯ್ದು ಕೊಟ್ಟೆ. ಲ್ಯಾಬಿಗೆ ಕಳಿಸುತ್ತೇವೆ ಎಂದು ಇಸ್ಕೊಂಡು ಕಿಟಕಿ ಮೇಲೆ ಇಟ್ಟರು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಅದೇ ಬಾಟಲಿಯಲ್ಲಿ ಮನಿಪ್ಲಾಂಟ್ ಚಿಗುರಿತ್ತು. ಬೀದಿ ದೀಪದ್ದು ಇನ್ನೊಂದು ಕತೆ. ನಾಯಿಗಳದ್ದು ಬೇಡವೇ ಬೇಡ.

ಕರಾವಳಿಯಿಂದ ಘಾಟಿ ಹತ್ತಿ ಇಷ್ಟು ದೂರ ಬರುವ ಚಿಪ್ಪನ್ನು ದಾರಿಯಲ್ಲಿ ಎಲ್ಲಾದರೂ ಒಬ್ಬರು ತಡೆದು ಪರೀಕ್ಷೆಗೆ ಕಳಿಸಬಾರದೇ? ಯಾವ ನೀರಿನಿಂದ ತೆಗೆದದ್ದು ಅಂತ ಒಂದು ಚೀಟಿಯಾದರೂ ಬೇಡವೇ? ಆಗದಿದ್ದರೆ ಮಾರುವುದನ್ನೇ ನಿಲ್ಲಿಸಿ. ಆದರೆ ಆ ಗಾಡಿ ಹುಡುಗನ ಹೊಟ್ಟೆ ಮೇಲೆ ಹೊಡೆಯಬೇಡಿ, ಅವನಿಗೇನು ಗೊತ್ತು ಪಾಪ. ಒಟ್ಟಿನಲ್ಲಿ ಏನಾದರೂ ಮಾಡಿ. ಮಾಡಲಾಗದವರು ಬೇಯಿಸುವ ಪಾಠ ಹೇಳುವುದನ್ನಾದರೂ ನಿಲ್ಲಿಸಲಿ.

ಡಬ್ಬಿ ಫ್ರೀಜರಿನಲ್ಲೇ ಇದೆ. ಇವತ್ತು ಸಂಜೆಯೊಳಗೆ ಯಾರೂ ಬರದಿದ್ದರೆ ಎತ್ತಿ ಎಸೆಯುತ್ತೇನೆ ಅಂತ ನಮ್ಮ ಮನೆಯವರು ಹೇಳಿದ್ದಾರೆ.

— ಒಬ್ಬ ನಿವೃತ್ತ ಮೇಷ್ಟ್ರು, ತುಮಕೂರು