ಹೆಸರು ಹೇಳದೆ ಹೋದ ಹಿರಿಯರಿಗೆ

ಕಳೆದ ತಿಂಗಳು ಮಂಡ್ಯದ ನಮ್ಮ ಶಾಲೆಯ ಬ್ಯಾಂಡ್ ಕೊಠಡಿಗೆ ಬಂದು, ಮೈಸೂರಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದೆನೆಂದಷ್ಟೇ ತಿಳಿಸಿ, ಹೆಸರು ಹೇಳದೆ ಹೊರಟುಹೋದ ಹಿರಿಯರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ. ವಾರ್ಷಿಕೋತ್ಸವಕ್ಕೆ ನಾನು ಆರಿಸಿದ್ದ ಕೃತಿ ಕೇಳಲು ಸೊಗಸಾಗಿತ್ತಾದರೂ, ಕ್ಲಾರಿನೆಟ್ ಕೆಳಸ್ಥಾಯಿಯಿಂದ ಮೇಲಕ್ಕೆ ದಾಟುವಲ್ಲಿ ರಂಧ್ರಗಳನ್ನೆಲ್ಲ ಒಮ್ಮೆಲೇ ಮುಚ್ಚಬೇಕಾಗುವುದರಿಂದ, ಆರನೇ ತರಗತಿಯ ಮಕ್ಕಳ ಬೆರಳುಗಳು ಅಲ್ಲೇ ತಡವರಿಸುತ್ತಿದ್ದವು. ನಾನೋ ಅಭ್ಯಾಸ ಸಾಲದೆಂದು ಗದರುತ್ತಿದ್ದೆ. ತಾವು ಪಾಶ್ಚಾತ್ಯ ಸ್ವರಗಳಾದ ಬಿ ಫ್ಲ್ಯಾಟ್‌ನಿಂದ ಎಫ್‌ವರೆಗಿನ ಐದೇ ಸ್ವರಗಳಲ್ಲಿ, ಆ ದಾಟುವಿಕೆಯೇ ಇಲ್ಲದೆ ಮುಗಿಯುವ ಸರಳ ಕೃತಿಯೊಂದನ್ನು ಸೂಚಿಸಿ, ಟ್ರಂಪೆಟ್‌ನವರ ತುಟಿ ದಣಿಯದಂತೆ ನಡುನಡುವೆ ವಿರಾಮಗಳನ್ನು ಬರೆದುಕೊಟ್ಟು, ಊದುವ ಮೊದಲು ಪ್ರತಿ ಸಾಲನ್ನೂ ಬಾಯಲ್ಲಿ ಹಾಡಿಸಿದಿರಿ. ಸರಿಗಮ ಬಲ್ಲ ಮಕ್ಕಳಿಗೆ ಅದು ಬೇಗನೆ ಒಲಿಯಿತು. ಡ್ರಮ್ ಬಾರಿಸುವ ಹುಡುಗ ಮಾತ್ರ ಇನ್ನೂ ತಾಳ ಮೀರಿ ಮುಂದೆ ಓಡುತ್ತಾನೆ. ತಾವು ಮರೆತುಹೋದ ಪೆನ್ಸಿಲ್ ನನ್ನ ಬಳಿಯಿದೆ.