ಹಾಸನದ ಹಳಿಗೆ ಲೆಕ್ಕ ಎಲ್ಲಿದೆ?

ಮಾನ್ಯರೇ,

ನಮ್ಮೂರಿಗೆ ರೈಲು ಬಂದಿದ್ದು 2013ರ ನವೆಂಬರ್‌ನಲ್ಲಿ. ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1996–97ರ ಬಜೆಟ್‌ನಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ಬರೀ 46 ಕಿಲೋಮೀಟರ್!

ಈಗ ಇಲ್ಲಿಂದ ಬೇಲೂರಿನ ಮೂಲಕ ಹಾಸನಕ್ಕೆ ಹೊಸ ಹಳಿ. ಬೇಡ ಅನ್ನುವವನು ನಾನಲ್ಲ. ಸೋಮವಾರ ಬೆಳಿಗ್ಗೆ ಹಾಸನದ ಬಸ್ಸಿನಲ್ಲಿ ಒಂದು ಕೈಲಿ ಕಂಬಿ, ಇನ್ನೊಂದರಲ್ಲಿ ಮಗಳ ಊಟದ ಡಬ್ಬಿ ಹಿಡಿದು ಬೇಲೂರು ದಾಟುವವರೆಗೂ ನಿಂತೇ ಹೋಗುತ್ತೇನೆ. ಹೋದ ವಾರ ಒಂದು ಬ್ರೇಕಿಗೆ ಸಾಂಬಾರು ಪಕ್ಕದವರ ಅಂಗಿ ಮೇಲೆ. ಪುಣ್ಯಾತ್ಮರು, ನಕ್ಕು ಸುಮ್ಮನಾದರು.

ಆದರೆ ದುಡ್ಡಿನ ಮಾತೂ ಆಡಬೇಕಲ್ಲ. ರಾಜ್ಯದ ಹಲವು ಹೊಸ ಮಾರ್ಗಗಳಿಗೆ ಅರ್ಧ ಖರ್ಚು ರಾಜ್ಯ ಸರ್ಕಾರದ್ದು, ಜಮೀನನ್ನೂ ಅದೇ ಕೊಡಬೇಕು. ದೆಹಲಿಯಿಂದ ಬಂದರೂ ಬೆಂಗಳೂರಿನಿಂದ ಬಂದರೂ ದುಡ್ಡು ನಮ್ಮದೇ ಅಲ್ವಾ? ಜಮೀನು ಕೈಗೆ ಸಿಗುವುದು ತಡವಾದಷ್ಟೂ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಜಾಸ್ತಿ. ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲ ಬಿಟ್ಟುಕೊಟ್ಟ ರೈತರಿಗೂ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕು.

ಮೊದಲ ಅಂದಾಜು ಎಷ್ಟಿತ್ತು, ಈಗ ಎಷ್ಟಾಗಿದೆ, ಯಾರ ಪಾಲು ಎಷ್ಟು ಬಂತು, ಇನ್ನೆಷ್ಟು ಎಕರೆ ಬಾಕಿ? ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಬರೆದು ನಿಲ್ದಾಣದ ಗೋಡೆಗೆ ಅಂಟಿಸಲಿ. ಕನ್ನಡದಲ್ಲಿ.

ಹಾಗೇ ದಿನಕ್ಕೆ ಎಷ್ಟು ರೈಲು, ಯಾವ ಹೊತ್ತಿಗೆ ಅಂತಲೂ ಈಗಲೇ ಹೇಳಲಿ. ಕಾಲೇಜು, ಆಫೀಸಿನ ಸಮಯಕ್ಕೆ ರೈಲು ಇಲ್ಲದಿದ್ದರೆ ಎಷ್ಟು ಕೋಟಿ ಸುರಿದರೂ ನಾನೂ ನನ್ನ ಡಬ್ಬಿಯೂ ಬಸ್ಸಿನಲ್ಲೇ.

– ಒಬ್ಬ ಓದುಗ, ಚಿಕ್ಕಮಗಳೂರು