ದೆವ್ವದ ತಲೆಗೆ ಕಟ್ಟಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ಅಷರ್ ಮನೆತನದ ಕಥೆಯನ್ನು ‘ಸತ್ತವಳು ದೆವ್ವವಾಗಿ ಎದ್ದು ಬರುವ ಕಥೆ’ ಅಂತ ಪರಿಚಯಿಸಿದ್ದೀರಿ. ಓದಿ ಬೇಜಾರಾಯಿತು. ದೆವ್ವ ಇದೆಯೋ ಇಲ್ಲವೋ ಆಮೇಲಿನ ಮಾತು, ಮೊದಲು ಪೋ ಏನೇನು ಬರೆದಿಟ್ಟಿದ್ದಾನೆ ನೋಡಬೇಕು ಅಲ್ವಾ?

ರಾಡರಿಕ್ ಅಷರ್‌ನ ಜೊತೆಗೇ ಹುಟ್ಟಿದ ಅವಳಿ ತಂಗಿ ಮ್ಯಾಡಲಿನ್. ಅವಳಿಗೆ ಕ್ಯಾಟಲೆಪ್ಸಿ. ಮೈ ಕೊರಡಿನ ಹಾಗೆ ಸೆಟೆದುಕೊಂಡು, ನೋಡಿದವರು ಜೀವ ಹೋಯಿತು ಅಂದುಕೊಳ್ಳುವ ಸ್ಥಿತಿ. ಜೀವ ಇದ್ದಾಗಲೇ ಹೂತುಬಿಡುತ್ತಾರೇನೋ ಅನ್ನುವ ಭಯ ಆ ಕಾಲದ ಜನಕ್ಕೆ ನಿಜವಾಗಿಯೂ ಇತ್ತು. ಸತ್ತಳು ಅಂತ ನೆಲಮಾಳಿಗೆಗೆ ಒಯ್ದು ಶವಪೆಟ್ಟಿಗೆಯಲ್ಲಿ ಮಲಗಿಸಿದ ಅವಳ ಕೆನ್ನೆಯಲ್ಲಿ ಸಣ್ಣಗೆ ಕೆಂಪು ಉಳಿದಿರುತ್ತದೆ, ತುಟಿಯಲ್ಲಿ ನಗು. ಅಣ್ಣನೂ ಕಥೆ ಹೇಳುವ ಗೆಳೆಯನೂ ಅದನ್ನು ಕಂಡೂ ಮುಚ್ಚಳಕ್ಕೆ ತಿರುಪು ಹಾಕಿ, ಕಬ್ಬಿಣದ ಬಾಗಿಲು ಜಡಿದು ಮೇಲೆ ಬರುತ್ತಾರೆ. ಅಣ್ಣನ ಕಿವಿ ವಿಪರೀತ ಚುರುಕು, ಅದೂ ಅವನಿಗಿದ್ದ ಕಾಯಿಲೆಯೇ. ಒಳಗೆ ಅವಳು ಮಿಸುಕಾಡಿದ್ದು ಅವನಿಗೆ ಎಷ್ಟೋ ದಿನ ಮೊದಲೇ ಕೇಳಿಸಿತ್ತು, ಬಾಯಿ ಬಿಡಲು ಧೈರ್ಯ ಬರಲಿಲ್ಲ. ಇದನ್ನು ದೆವ್ವದ ತಲೆಗೆ ಕಟ್ಟಿದರೆ ಆ ಇಬ್ಬರ ತಪ್ಪು ಸುಮ್ನೆ ಮುಚ್ಚಿಹೋಗುತ್ತದೆ.

ಇದು ನನಗೆ ಜಾಸ್ತಿ ತಟ್ಟುವುದಕ್ಕೆ ಕಾರಣ ಇದೆ. ನಮ್ಮ ಚಿಕ್ಕಮ್ಮನಿಗೆ ಫಿಟ್ಸ್ ಬರುತ್ತಿತ್ತು. ಗಾಳಿ ಸೋಕಿದೆ ಅಂತ ಎರಡು ವರ್ಷ ತಾಯತ ಕಟ್ಟಿಸಿದರು, ಬೇವಿನ ಬರಲಿನಲ್ಲಿ ಹೊಡೆಸಿದರು. ಮಾತ್ರೆ ಶುರುವಾದ ಮೇಲೆ ಫಿಟ್ಸ್ ನಿಂತಿತು, ಮೊಣಕೈ ಮೇಲಿನ ಗಾಯದ ಗುರುತು ಮಾತ್ರ ಇನ್ನೂ ಹಾಗೇ ಇದೆ.

ಇನ್ನು ಕಥೆಯ ಕೊನೆಗೆ ಅಷರ್ ಮನೆಯೇ ಕುಸಿದು ಬೀಳುವ ವಿಷಯ. ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ಸಣ್ಣ ಬಿರುಕಿದೆ ಅಂತ ಪೋ ಕಥೆಯ ಶುರುವಿನಲ್ಲೇ ಹೇಳುತ್ತಾನೆ. ಜೊತೆಗೆ ಅವಳನ್ನಿಟ್ಟ ನೆಲಮಾಳಿಗೆ ಒಂದು ಕಾಲಕ್ಕೆ ಸಿಡಿಮದ್ದು ಇಡುವ ಜಾಗ, ನೆಲಕ್ಕೆ ತಾಮ್ರದ ತಗಡು ಹೊಡೆದಿದ್ದಾರೆ. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳನ್ನು ನೋಡಿಕೊಂಡೇ ಬೆಳೆದವರು ನಾವು. ಕಬ್ಬಿಣ ಉಜ್ಜಿದರೆ ಕಿಡಿ ಹಾರುತ್ತದೆ, ತಾಮ್ರ ಹಾಗಲ್ಲ, ಅದಕ್ಕೇ ಮದ್ದಿನ ಮನೆಗೆ ತಾಮ್ರ. ಸಂದಿಯಲ್ಲಿ ಉಳಿದ ಮದ್ದೇ ಹೊತ್ತಿಕೊಂಡಿರಬಹುದು ಅಂತ ನನ್ನ ಊಹೆ. ಪೋ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸುಮ್ಮಸುಮ್ಮನೆ ತಾಮ್ರದ ವಿಷಯ ಯಾಕೆ ಎತ್ತುತ್ತಾನೆ?

ಒಂದು ಮಾತು ಒಪ್ಪುತ್ತೇನೆ. ಏಳೆಂಟು ದಿನ ಅನ್ನ ನೀರಿಲ್ಲದ ರೋಗಿ ತಿರುಪು ಹಾಕಿದ ಮುಚ್ಚಳ, ಅಂಥ ಭಾರದ ಬಾಗಿಲು ಎರಡನ್ನೂ ದಾಟಿ ಬಂದದ್ದು ಹೇಗೆ ಅನ್ನುವುದಕ್ಕೆ ಕಥೆಯಲ್ಲಿ ಉತ್ತರ ಇಲ್ಲ. ದೆವ್ವ ಅನ್ನುವವರ ಕೈಯಲ್ಲಿರುವ ಗಟ್ಟಿ ಮಾತು ಅದೊಂದೇ. ಆದರೆ ಕೊನೆಗೆ ಅವಳು ಬಾಗಿಲಲ್ಲಿ ನಿಂತಾಗ ಬಿಳಿ ಬಟ್ಟೆಯ ಮೇಲೆ ರಕ್ತ ಇರುತ್ತದೆ, ಸೊರಗಿದ ಮೈತುಂಬಾ ಒದ್ದಾಡಿದ ಗುರುತು. ದೆವ್ವಕ್ಕೆ ರಕ್ತ ಎಲ್ಲಿಂದ ಬರಬೇಕು?

ಇಂತಿ,
ನಿಮ್ಮ ಓದುಗಿ, ಚಿತ್ರದುರ್ಗ